ನಿಮಗಿದು ಗೊತ್ತೆ? ಮೆಮೊರಿ ಕಾರ್ಡಿಗೂ ಆಯಸ್ಸಿದೆ!

2012ರ ಫೆಬ್ರುವರಿ 29ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕಂಪ್ಯೂಟರ್. ಅದರೊಳಗೆ ಹಾರ್ಡ್ ಡಿಸ್ಕ್ ಇಲ್ಲ. ಆಪರೇಟಿಂಗ್ ಸಿಸ್ಟಮ್, ಕಡತ ಎಲ್ಲಕ್ಕೂ ಸಾಮಾನ್ಯವಾಗಿ ಮೆಮೊರಿ ಕಾರ್ಡೇ ಆಸರೆ.

● 15 ಮಿ.ಮೀ. ಉದ್ದ, 11 ಮಿ.ಮೀ. ಅಗಲದ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿರುವುದು ಫ್ಲ್ಯಾಶ್ ಮೆಮೊರಿ. ಇದನ್ನು ಕಂಡುಹಿಡಿದವರು ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಎಂಜಿನಿಯರ್ ಫುಜಿಯೊ ಮಸುವೋಕಾ.

● ಕಾರ್ಡನ್ನು ಮುಖ್ಯವಾಗಿ ಸವೆಸುವುದು ಓದುವ ಕೆಲಸವಲ್ಲ, ಬರೆದು ಅಳಿಸುವ ಕೆಲಸ. ಪ್ರತಿ ಸಲ ಅಳಿಸಿದಾಗಲೂ ವಿದ್ಯುದಂಶವನ್ನು ಹಿಡಿದಿಡುವ ಕೋಶಗಳ ನಿರೋಧಕ ಪದರ ಒಂದಿಷ್ಟು ದುರ್ಬಲವಾಗುತ್ತದೆ.

● ಬರೆಯುವುದು ಪುಟಗಳ ಲೆಕ್ಕದಲ್ಲಿ. ಅಳಿಸುವುದು ಮಾತ್ರ ಹಲವು ಪುಟಗಳ ಇಡೀ ಬ್ಲಾಕನ್ನೇ. ಹಾಗಾಗಿ ಕಂಪ್ಯೂಟರ್ ತನ್ನ ಕೆಲಸದ ವಿವರವನ್ನು ಹಗಲಿರುಳು ಬರೆಯುತ್ತಲೇ ಇರುವ ಚಿಕ್ಕ ಲಾಗ್ ಕಡತವೂ ಕಾರ್ಡಿಗೆ ದೊಡ್ಡ ಹೊರೆ.

● ಒಂದೇ ಜಾಗ ಬೇಗ ಸವೆಯದಂತೆ ಕಾರ್ಡಿನ ಕಂಟ್ರೋಲರ್ ಚಿಪ್ ಬರಹವನ್ನು ಬೇರೆ ಬೇರೆ ಬ್ಲಾಕ್‌ಗಳಿಗೆ ಹಂಚುತ್ತದೆ. ದೊಡ್ಡ ಕಾರ್ಡಿನಲ್ಲಿ ಹಂಚಲು ಜಾಗ ಹೆಚ್ಚು, ಬಾಳಿಕೆಯೂ ಹೆಚ್ಚು.

● ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಹೊಸ ಕಾರ್ಡಿನ ಕಡತಗಳೂ ಕೆಡಬಹುದು. ಪ್ಲಗ್ ಕೀಳುವ ಮೊದಲು ಶಟ್‌ಡೌನ್ ಮಾಡಲೇಬೇಕು.

● ಸಿಸಿಟಿವಿಯಂಥ ನಿರಂತರ ಕೆಲಸಕ್ಕೆಂದೇ ‘ಹೈ ಎಂಡ್ಯೂರೆನ್ಸ್’ ಕಾರ್ಡುಗಳು ಸಿಗುತ್ತವೆ. ಲಾಗ್‌ಗಳನ್ನು ರ‍್ಯಾಮ್‌ನಲ್ಲಿ ಇಟ್ಟರೂ ಸವೆತ ತಗ್ಗುತ್ತದೆ. 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ 5ಕ್ಕೆ ಎಸ್‌ಎಸ್‌ಡಿಯನ್ನೂ ಜೋಡಿಸಬಹುದು.

● ಕಾರ್ಡ್ ಎಷ್ಟೇ ಒಳ್ಳೆಯದಿರಲಿ, ಬೆಲೆಬಾಳುವ ಮಾಹಿತಿಯ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.