ಮೋತಿಬಿಂದು ಬಲಿಯುವವರೆಗೆ ಕಾಯಬೇಕೆ?

ಕಣ್ಣಪಾಪೆಯ ಹಿಂದೆ ಸುಮಾರು 10 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಒಂದು ಪಾರದರ್ಶಕ ಮಸೂರವಿದೆ. ಅದು ಮಸುಕಾಗುವುದೇ ಕಣ್ಣಿನ ಪೊರೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಡೆ ಇದನ್ನು ಮೋತಿಬಿಂದು ಎನ್ನುವುದೇ ರೂಢಿ. ಭಾರತದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಐವತ್ತು ದಾಟಿದವರ ಅಂಧತ್ವದಲ್ಲಿ ಶೇ. 66ರಷ್ಟಕ್ಕೆ ಚಿಕಿತ್ಸೆಯಾಗದ ಪೊರೆಯೇ ಕಾರಣ. ಅಂದರೆ ಈ ದೇಶದ ಹಿರಿಯ ಅಂಧರಲ್ಲಿ ಹೆಚ್ಚಿನವರಿಗೆ ದೃಷ್ಟಿ ಮರಳಿ ಬರಬಲ್ಲದು.

ಮಸೂರ ಏಕೆ ಮಸುಕಾಗುತ್ತದೆ ಎಂಬುದನ್ನು ತಿಳಿಯಲು ಶಹಾಬಾದಿನ ಫರಸಿ ಕಲ್ಲು ಒಳ್ಳೆಯ ದಾರಿ. ಪ್ರಾಚೀನ ಸಮುದ್ರದ ತಳದಲ್ಲಿ ಕೆಸರು ಪದರು ಪದರಾಗಿ ಇಳಿದು ಗಟ್ಟಿಯಾದ ಸುಣ್ಣದ ಕಲ್ಲು ಅದು. ಖಣಿಯಲ್ಲಿ ಫರಸಿ ಎಬ್ಬಿಸುವವರಿಗೆ ಮೇಲಿನ ಪದರು ಹೊಸದು, ಕೆಳಗಿನದು ಹಳೆಯದು. ಮಸೂರವೂ ಪದರುಗಟ್ಟಿಯೇ ಬೆಳೆಯುತ್ತದೆ. ಆದರೆ ಅಲ್ಲಿ ಹೊಸ ಪದರು ಹೊರಗಿನಿಂದ ಸುತ್ತಿಕೊಳ್ಳುತ್ತ ಹೋಗುತ್ತದೆ, ಹಳೆಯದು ನಟ್ಟನಡುವೆ ಉಳಿಯುತ್ತದೆ. ಚರ್ಮ ಉದುರಿ ಹೊಸದಾಗುತ್ತದೆ, ಉಗುರನ್ನು ಕತ್ತರಿಸಿ ಎಸೆಯಬಹುದು. ಮಸೂರ ಮಾತ್ರ ತೆಳುವಾದ ಚೀಲದೊಳಗೆ ಮುಚ್ಚಿಕೊಂಡಿರುವುದರಿಂದ ಅದರಿಂದ ಏನೂ ಹೊರಬೀಳುವುದಿಲ್ಲ. ಎಪ್ಪತ್ತರ ಅಜ್ಜಿಯ ಮಸೂರದ ನಡುಭಾಗದಲ್ಲಿರುವ ಪ್ರೋಟೀನು ಆಕೆ ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದದ್ದು. ಅಲ್ಲಿಗೆ ರಕ್ತನಾಳವಿಲ್ಲ, ಕೆಟ್ಟದ್ದನ್ನು ರಿಪೇರಿ ಮಾಡುವ ಏರ್ಪಾಡೂ ಇಲ್ಲದಂತೆಯೇ. ವಯಸ್ಸು, ಬಿಸಿಲಿನ ನೇರಳಾತೀತ ಕಿರಣ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಹೊಗೆ, ದೀರ್ಘಕಾಲದ ಸ್ಟೆರಾಯ್ಡ್ ಔಷಧಿ ಇವುಗಳ ಏಟಿಗೆ ಆ ಪ್ರೋಟೀನು ಗಂಟುಕಟ್ಟಿ ಬೆಳಕನ್ನು ಚೆದುರಿಸತೊಡಗುತ್ತದೆ.

ಯಾವ ಪದರು ಕೆಟ್ಟಿದೆ ಎಂಬುದರ ಮೇಲೆ ಲಕ್ಷಣಗಳು ಬದಲಾಗುತ್ತವೆ. ನಡುಭಾಗ ಕೆಟ್ಟರೆ ಮಸೂರ ಹಳದಿಗೆ ತಿರುಗುತ್ತದೆ. ಆಗ ಒಗೆದ ಬಿಳಿ ಧೋತರವೂ ಮಾಸಿದಂತೆ ಕಾಣುತ್ತದೆ, ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಈ ಬಗೆಯಲ್ಲಿ ಮೋಸವೊಂದಿದೆ. ಮಸೂರ ಗಟ್ಟಿಯಾದಂತೆ ಸಮೀಪದೃಷ್ಟಿ ಹೆಚ್ಚುವುದರಿಂದ, ಚಾಳೀಸು ಹಾಕುತ್ತಿದ್ದ ಅಜ್ಜ ಚಾಳೀಸಿಲ್ಲದೆ ಪೇಪರ್ ಓದತೊಡಗುತ್ತಾನೆ. ಮನೆಯವರು ಕಣ್ಣು ಸುಧಾರಿಸಿತೆಂದು ಹಿಗ್ಗುತ್ತಾರೆ. ಅಷ್ಟರಲ್ಲೇ ಬಸ್ಸಿನ ಬೋರ್ಡು ಕಾಣದಾಗಿರುತ್ತದೆ. ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುತ್ತಿದ್ದರೂ ಗುಮಾನಿ ಇದರ ಮೇಲೆಯೇ ಹೋಗಬೇಕು.

ಹೊರಪದರುಗಳು ಕೆಟ್ಟಾಗ ಅಂಚಿನಿಂದ ನಡುವಿನ ಕಡೆಗೆ ಬಿಳಿ ಗೆರೆಗಳು ಚಾಚುತ್ತವೆ. ರಾತ್ರಿ ಎದುರಿನ ಲಾರಿಯ ದೀಪ ಹರಡಿ ರಸ್ತೆಯನ್ನೇ ನುಂಗುವುದು, ದೀಪದ ಸುತ್ತ ಬಳೆ ಕಾಣುವುದು, ಒಂದೇ ಕಣ್ಣಲ್ಲಿ ನೋಡಿದರೂ ಚಂದ್ರ ಎರಡು ಮೂರಾಗುವುದು ಈ ಬಗೆಯವು. ಮಸೂರದ ಹಿಂಬದಿಗೆ ಪೊರೆ ಬಂದರೆ ತೊಂದರೆ ನಡುಹಗಲಿನಲ್ಲಿ ಹೆಚ್ಚು. ಬಿಸಿಲಿಗೆ ಪಾಪೆ ಕಿರಿದಾಗಿ, ಬೆಳಕು ಸರಿಯಾಗಿ ಮಸುಕಿನ ನಡುವೆಯೇ ಹಾಯಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲೂ ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲೂ ಬೇಗ ಬರುವ ಬಗೆಯಿದು. ವಾಡಿಯ ಸುಣ್ಣದಕಲ್ಲಿನ ಬಿಳಿ ಹಾದಿಯಲ್ಲಿ ಮಧ್ಯಾಹ್ನ ಕಣ್ಣು ಬಿಡಲಾಗದವರು ಸಂಜೆಗೆ ಚೆನ್ನಾಗಿಯೇ ಕಾಣುತ್ತದೆ ಎನ್ನುವುದು ಇದರಿಂದ.

ಯಾವ ಬಗೆಯಾದರೂ ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣು ಮುಂದೆ, ಇನ್ನೊಂದು ಹಿಂದೆ ಕೆಡುವುದರಿಂದ ಒಳ್ಳೆಯ ಕಣ್ಣು ಕೆಟ್ಟ ಕಣ್ಣನ್ನು ಮುಚ್ಚಿಡುತ್ತದೆ. ಆಗಾಗ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ದೂರದ ಬೋರ್ಡು ಓದುವುದು, ತೊಗರಿಬೇಳೆಯಲ್ಲಿ ಹರಳು ಆರಿಸುವುದು ಖರ್ಚಿಲ್ಲದ ಪರೀಕ್ಷೆ.

ಈ ಭಾಗದಲ್ಲಿ ಮೋತಿಬಿಂದುವಿನ ದೂರು ಸಿಮೆಂಟ್ ಧೂಳಿನ ಮೇಲೆ ಬೀಳುವುದುಂಟು. ಧೂಳಿನಿಂದ ಕಣ್ಣು ಕೆಂಪಾಗಿ ಉರಿಯುವುದು ನಿಜ, ಆದರೆ ಮಸೂರದವರೆಗೆ ಅದು ಹೋಗಲಾರದು. ಕಲ್ಲು ಒಡೆಯುವಾಗ ಸಿಡಿದ ಚೂರು ಮಾತ್ರ ಯಾವ ವಯಸ್ಸಿನಲ್ಲೂ ಪೊರೆ ತರಬಲ್ಲದು. ಭಟ್ಟಿಯ ಬೆಂಕಿಯದು ಬೇರೆ ಕಥೆ. ಕರಗಿದ ಗಾಜನ್ನು ದಿನವಿಡೀ ದಿಟ್ಟಿಸುವ ಕೆಲಸಗಾರರಿಗೆ ಅವಗೆಂಪು ಕಿರಣದಿಂದ ಪೊರೆ ಬರುವುದನ್ನು ಇಂಗ್ಲೆಂಡಿನಲ್ಲಿ ಗುರುತಿಸಿದ ಮೇಲೆ, ರಸಾಯನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಆ ಕೆಲಸಗಾರರಿಗಾಗಿಯೇ ವಿಶೇಷ ಕನ್ನಡಕದ ಗಾಜುಗಳನ್ನು ರೂಪಿಸಿದ. ಸುಮಾರು 1,450 ಡಿಗ್ರಿಗೆ ಕಾಯುವ ಸಿಮೆಂಟ್ ಭಟ್ಟಿಯೊಳಗೆ ಬರಿಗಣ್ಣಿನಿಂದ ಇಣುಕಬಾರದೆನ್ನುವುದೂ ಇದೇ ಕಾರಣಕ್ಕೆ.

ಇನ್ನು ಬಲಿಯುವವರೆಗೆ ಕಾಯುವ ಮಾತು. ಅದು ಮೂಢನಂಬಿಕೆಯಲ್ಲ, ಒಂದು ಕಾಲದಲ್ಲಿ ವೈದ್ಯರೇ ಕೊಡುತ್ತಿದ್ದ ಸರಿಯಾದ ಸಲಹೆ. ಸುಶ್ರುತನ ಕಾಲದಿಂದ ಶತಮಾನಗಳವರೆಗೆ ಸೂಜಿಯಿಂದ ಮಸೂರವನ್ನು ಕಣ್ಣಿನೊಳಗೇ ಪಕ್ಕಕ್ಕೆ ತಳ್ಳುವುದೇ ಚಿಕಿತ್ಸೆಯಾಗಿತ್ತು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಅದನ್ನು ಕಣ್ಣಿನಿಂದ ಹೊರತೆಗೆದ. ಪೂರ್ತಿ ಬಲಿಯದ ಮಸೂರದಲ್ಲಿ ಅಂಟುಅಂಟಾದ ಭಾಗ ಒಳಗೇ ಉಳಿದು ಉರಿಯೂತ ತರುತ್ತಿತ್ತು, ಆದ್ದರಿಂದ ಕಾಯಬೇಕಿತ್ತು. ಇನ್ನೊಂದು ಕಾರಣ ಅಷ್ಟೇ ಬಲವಾದದ್ದು. ಮಸೂರ ತೆಗೆದ ಮೇಲೆ ಹಾಕುವ ದಪ್ಪ ಸೋಡಾಬಾಟ್ಲಿ ಕನ್ನಡಕ ವಸ್ತುಗಳನ್ನು ಕಾಲುಭಾಗಕ್ಕೂ ಮಿಕ್ಕಿ ದೊಡ್ಡದಾಗಿ ತೋರಿಸುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡು ಅಳತೆಯ ಚಿತ್ರಗಳು ಮಿದುಳಿನಲ್ಲಿ ಕೂಡುವುದೇ ಇಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರು ತಿರುಗಿ ನೇತ್ರ ಶಿಬಿರ ನಡೆಸಿ, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದ್ದು ಆ ಕನ್ನಡಕಗಳ ಕಾಲದಲ್ಲಿ.

ಲಂಡನ್ನಿನ ಹೆರಾಲ್ಡ್ ರಿಡ್ಲಿ ಯುದ್ಧವಿಮಾನದ ಪ್ಲಾಸ್ಟಿಕ್ ಹೊದಿಕೆಯ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಸುಮ್ಮನೆ ಕೂತಿರುವುದನ್ನು ಗಮನಿಸಿ, 1949ರಲ್ಲಿ ಅದೇ ಜಾತಿಯ ಪ್ಲಾಸ್ಟಿಕ್‌ನಿಂದ ಕೃತಕ ಮಸೂರ ಮಾಡಿ ಕಣ್ಣೊಳಗೆ ಇಟ್ಟ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಹಲ್ಲು ಶುಚಿಮಾಡುವ ಶ್ರವಣಾತೀತ ಉಪಕರಣ ನೋಡಿ ಮಸೂರವನ್ನು ಒಳಗೇ ಪುಡಿಮಾಡಿ ಹೀರುವ ವಿಧಾನ ಕಂಡುಕೊಂಡ. ಅಲ್ಲಿಗೆ ಲೆಕ್ಕ ತಿರುಗಿತು. ಈಗ ಬಲಿತ ಪೊರೆಯೇ ವೈದ್ಯರಿಗೆ ಕಷ್ಟ. ಗಟ್ಟಿಯಾದಷ್ಟು ಪುಡಿಮಾಡಲು ಹೆಚ್ಚು ಶಕ್ತಿ ಬೇಕು, ಅಪಾಯವೂ ಹೆಚ್ಚು. ತೀರಾ ಬಲಿತರೆ ಒಳಗಿನ ದ್ರವ ಸೋರಿ ಕಣ್ಣಿನ ಒತ್ತಡ ಏರಿ, ನರವೇ ಹೋಗಬಹುದು.

ಹಾಗೆಂದು ಪೊರೆ ಕಂಡ ದಿನವೇ ಕತ್ತರಿ ಹಾಕಬೇಕಿಲ್ಲ. ಕೆಲಸಕ್ಕೆ ಅಡ್ಡಿಯಾಗತೊಡಗಿದಾಗ ಮಾಡಿಸುವುದು ಸರಿ. ಟಿಪ್ಪರ್ ಓಡಿಸುವವನಿಗೆ ಆ ಹೊತ್ತು ಬೇಗ ಬರುತ್ತದೆ, ಮನೆಯಲ್ಲಿ ಕೂತವರಿಗೆ ತಡವಾಗಿ. ಬೇಸಿಗೆಯಲ್ಲಿ ಮಾಡಿಸಬಾರದೆಂಬುದಕ್ಕೂ ಈಗ ಆಧಾರವಿಲ್ಲ, ಆದರೆ ಕೆಲವು ವಾರ ಧೂಳಿನಿಂದ ದೂರವಿರಬೇಕಾದ್ದರಿಂದ ತೊಗರಿ ರಾಶಿ ಮುಗಿಸಿ ಹೋಗುವುದು ಜಾಣತನವೇ. ದೃಷ್ಟಿ ಏಕಾಏಕಿ ಹೋದರೆ, ಕಣ್ಣು ನೋಯುತ್ತ ಕೆಂಪಾದರೆ, ಮಿಂಚು ಅಥವಾ ಪರದೆ ಇಳಿದಂತೆ ಕಂಡರೆ ಅದು ಬೇರೆ ಕಾಯಿಲೆ. ಅದೇ ದಿನ ತೋರಿಸಬೇಕು. ಕೂಸಿನ ಪಾಪೆ ಬೆಳ್ಳಗಿದ್ದರೆ ಒಂದು ತಿಂಗಳೂ ಕಾಯುವಂತಿಲ್ಲ, ಏಕೆಂದರೆ ನೋಡಲು ಕಲಿಯದ ಮಿದುಳು ಮುಂದೆ ಕಲಿಯಲಾರದು. ಪೊರೆ ಕರಗಿಸುವ ಹನಿ ಎಂಬ ಜಾಹೀರಾತುಗಳನ್ನು ನಂಬುವ ಕಾರಣವಿಲ್ಲ. 2015ರಲ್ಲಿ ಲಾನೋಸ್ಟೆರಾಲ್ ಎಂಬ ವಸ್ತು ನಾಯಿಗಳ ಪೊರೆಯನ್ನು ತಿಳಿಗೊಳಿಸಿತೆಂಬ ವರದಿ ಸದ್ದು ಮಾಡಿತು, ಮನುಷ್ಯರಿಗೆ ಔಷಧಿ ಮಾತ್ರ ಬರಲಿಲ್ಲ.

ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ಮೊದಲ ಪರೀಕ್ಷೆ ಮಾಡಬಲ್ಲರು. ಮನೆಮನೆಗೆ ಬಂದು ಕಣ್ಣು ನೋಡುವ ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆ ಮೊದಲು ಜಾರಿಯಾದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರ ಹನಿ ಹಾಕಬೇಕು. ಮೊದಲ ದಿನಗಳಲ್ಲಿ ನೋವು ಏರಿ ದೃಷ್ಟಿ ಇಳಿದರೆ ಸೋಂಕಿರಬಹುದು, ತಕ್ಷಣ ಅದೇ ಆಸ್ಪತ್ರೆಗೆ ಮರಳಬೇಕು. ತಿಂಗಳು ವರ್ಷಗಳ ನಂತರ ಮತ್ತೆ ಮಸುಕಾದರೆ ಅದು ಹೊಸ ಪೊರೆಯಲ್ಲ. ಉಳಿಸಿದ ಚೀಲದ ಹಿಂಬದಿ ಮಂದವಾಗಿರುತ್ತದೆ, ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಅದಕ್ಕೆ ಕಿಂಡಿ ತೆಗೆಯುತ್ತಾರೆ.