ಅರವತ್ತರ ನಂತರ ಮತ್ತೆ ಚೆಸ್ ಟೂರ್ನಿ: ಕಂಪ್ಯೂಟರ್ ಏನು ಹೇಳುತ್ತದೆ, ದೇಹ ಏನು ಹೇಳುತ್ತದೆ?

ಕಾಲೇಜು ದಿನಗಳಲ್ಲಿ ಬಿಟ್ಟ ಚೆಸ್ಸನ್ನು ನಿವೃತ್ತಿಯ ನಂತರ ಮತ್ತೆ ಆಡಬೇಕೆನಿಸಿದೆಯೇ? ನೀವು ಹೈದರಾಬಾದಿನಲ್ಲಿದ್ದರೆ ಊರಿಗೂ ಈ ಆಟಕ್ಕೂ ಹಳೆಯ ನಂಟಿದೆ. 2002ರಲ್ಲಿ ಫಿಡೆ ವಿಶ್ವಕಪ್ ಇಲ್ಲೇ ನಡೆದು ವಿಶ್ವನಾಥನ್ ಆನಂದ್ ಗೆದ್ದರು. ಹಿರಿಯರಿಗೆ 50+ ಮತ್ತು 65+ ವಿಭಾಗಗಳ ವಿಶ್ವ ಚಾಂಪಿಯನ್‌ಷಿಪ್ ಕೂಡ ಇದೆ.

ಎಂಜಿನ್ ಏನು ತೋರಿಸುತ್ತದೆ?

ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ ಲಿಚೆಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆಡಿ ಮುಗಿಸಿದ ಆಟದ ನಡೆಗಳನ್ನು ಹಾಕಿದರೆ ಪ್ರತಿ ನಡೆಗೂ ಒಂದು ಅಂಕ ಬರುತ್ತದೆ. ಸ್ಥೂಲವಾಗಿ, +1 ಎಂದರೆ ಬಿಳಿ ಕಾಯಿಯವರಿಗೆ ಒಂದು ಪದಾತಿಯಷ್ಟು ಮೇಲುಗೈ. ಅಂಕ ಒಮ್ಮೆಲೇ ಏರುಪೇರಾದ ಕಡೆ ಯಾರೋ ಒಬ್ಬರು ತಪ್ಪಿದ್ದಾರೆ.

ಎಲ್ಲಿ ತಪ್ಪಿದಿರಿ ಎಂದು ಎಂಜಿನ್ ಹೇಳುತ್ತದೆ, ಯಾಕೆ ತಪ್ಪಿದಿರಿ ಎಂದು ಹೇಳುವುದಿಲ್ಲ. ಈ ವಯಸ್ಸಿನಲ್ಲಿ ಕಾರಣ ದೇಹದಲ್ಲೂ ಇರಬಹುದು.

ಕಾರಣ ಹುಡುಕುವುದು ಹೇಗೆ?

• ಮೊದಲು ಎಂಜಿನ್ ಇಲ್ಲದೆ ಆಟವನ್ನು ನೀವೇ ನೋಡಿ. ಅನುಮಾನ ಬಂದ ಮೂರು ನಡೆಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಎಂಜಿನ್ ತೆರೆಯಿರಿ.

• ಸ್ಕೋರ್‌ಶೀಟ್‌ನಲ್ಲಿ ನಡೆಯ ಪಕ್ಕ ಗಡಿಯಾರದ ಸಮಯವನ್ನೂ ಬರೆಯಿರಿ. ನಿಯಮದಲ್ಲಿ ಇದಕ್ಕೆ ಅವಕಾಶವಿದೆ. ಆ ದಿನದ ನಿದ್ದೆ, ಊಟ, ಮಾತ್ರೆಯ ವೇಳೆಯನ್ನೂ ಮನೆಯಲ್ಲಿ ಬರೆದಿಡಿ.

• ಹತ್ತು ಆಟಗಳಾದ ಮೇಲೆ ಹೋಲಿಸಿ. ತಪ್ಪುಗಳೆಲ್ಲ ಮೊದಲ ಹದಿನೈದು ನಡೆಗಳಲ್ಲಿದ್ದರೆ ಆರಂಭದ ನಡೆಗಳನ್ನು ಓದಬೇಕು. ಮೂರನೇ ಗಂಟೆಯ ನಂತರವಿದ್ದರೆ ದಣಿವು, ಹಸಿವು, ನೀರಿನ ಕೊರತೆಯನ್ನು ನೋಡಿ. ಹಲಗೆಯ ದೂರದ ಮೂಲೆಯ ಕಾಯಿ ಪದೇ ಪದೇ ತಪ್ಪಿದರೆ ಕಣ್ಣು ಪರೀಕ್ಷೆ ಮಾಡಿಸಿ.

ಟೂರ್ನಿ ದಿನ

ಒಬ್ಬರಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರುವ ಪದ್ಧತಿಯಲ್ಲಿ 60 ನಡೆಗಳ ಆಟ ನಾಲ್ಕು ಗಂಟೆಯವರೆಗೆ ಹೋಗಬಹುದು. ಎದುರಾಳಿ ಯೋಚಿಸುವಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಗ್ಲೂಕೋಸ್ ಪುಡಿ ಜೊತೆಗಿಟ್ಟುಕೊಳ್ಳಿ. ಬೆವರು, ನಡುಕ, ಗೊಂದಲ ಕಂಡರೆ ಆಟದ ಒತ್ತಡ ಎಂದು ಸುಮ್ಮನಿರಬೇಡಿ. ಸಕ್ಕರೆ 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪರೀಕ್ಷಿಸಲು ಆಗದಿದ್ದರೂ ಗ್ಲೂಕೋಸ್ ತೆಗೆದುಕೊಳ್ಳಿ.

ಆಟದ ವೇಳೆ ಫೋನ್ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಗ್ಲೂಕೋಸ್ ಮಾಪಕ ಫೋನಿಗೆ ಜೋಡಿಸಿದ್ದರೆ ಅಥವಾ ಶ್ರವಣ ಸಾಧನ ಬಳಸುತ್ತಿದ್ದರೆ ಆರ್ಬಿಟರ್‌ಗೆ ಮುಂಚೆಯೇ ತಿಳಿಸಿ ಅನುಮತಿ ಪಡೆಯಿರಿ.

ಮೂತ್ರಕ್ಕೆ ಎದ್ದು ಹೋಗಬೇಕಾಗುತ್ತದೆಂದು ಬಿಪಿ ಮಾತ್ರೆ ಬಿಡಬೇಡಿ, ನೀರನ್ನೂ ಕಡಿಮೆ ಮಾಡಬೇಡಿ. ಮಾತ್ರೆಯ ವೇಳೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಸೋತ ರಾತ್ರಿ ತಡವಾಗಿ ಎಂಜಿನ್ ಮುಂದೆ ಕೂರಬೇಡಿ. ವಿಶ್ಲೇಷಣೆ ಮರುದಿನಕ್ಕಿರಲಿ, ನಿದ್ದೆ ಮುಖ್ಯ.

ಚೆಸ್ ಆಡಿದರೆ ಮರೆವಿನ ಕಾಯಿಲೆ ಬರುವುದಿಲ್ಲವೇ?

75 ದಾಟಿದ 469 ಮಂದಿಯನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಹಲಗೆಯಾಟ ಆಡುತ್ತಿದ್ದವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡುಬಂದಿತ್ತು. ಆದರೆ ಮರೆವು ಶುರುವಾಗುತ್ತಿದ್ದವರು ಮೊದಲೇ ಆಟ ಬಿಟ್ಟಿರಲೂಬಹುದು. ಆದ್ದರಿಂದ ಚೆಸ್ಸನ್ನು ಔಷಧಿ ಎಂದುಕೊಳ್ಳಬೇಡಿ, ನಡಿಗೆಯನ್ನೂ ಮಾತ್ರೆಯನ್ನೂ ಬಿಡಬೇಡಿ.

ಮನೆಯವರ ಗಮನಕ್ಕೆ

ಅಪ್ಪನೋ ಅಮ್ಮನೋ ಹತ್ತು ವರ್ಷದ ಹುಡುಗನ ಎದುರು ಸೋತು ಬಂದರೆ, ರೇಟಿಂಗ್ ಇಳಿದರೆ, ಅದು ಕಾಯಿಲೆಯ ಲಕ್ಷಣವಲ್ಲ. ವಯಸ್ಸಾದಂತೆ ಯೋಚನೆಯ ವೇಗ ತಗ್ಗುವುದು ಸಹಜ. ಆದರೆ ವರ್ಷಗಟ್ಟಲೆ ಆಡಿದವರು ಕುದುರೆ ಹೇಗೆ ನಡೆಯುತ್ತದೆ ಎಂಬುದನ್ನೇ ಮರೆತರೆ, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರೆ, ಗೊತ್ತಿರುವ ದಾರಿ ತಪ್ಪಿದರೆ ತಡ ಮಾಡಬೇಡಿ. ಮೊದಲು ನಿಮ್ಮ ವೈದ್ಯರಿಗೆ ತೋರಿಸಿ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ನರರೋಗ ವಿಭಾಗವಿದೆ. ಬರೆದಿಟ್ಟ ಆ ಟಿಪ್ಪಣಿಗಳನ್ನೂ ಒಯ್ಯಿರಿ. ಬದಲಾವಣೆ ಯಾವಾಗ ಶುರುವಾಯಿತು ಎಂದು ವೈದ್ಯರು ಖಂಡಿತ ಕೇಳುತ್ತಾರೆ.