ಬೀಗ ಹಾಕಿದ ಸಂಗೀತವೂ ಪಿಟೀಲಿನ ಯೆಲಿಯೂ

1933ರ ಮಾರ್ಚ್ ತಿಂಗಳು, ಲಂಡನ್. ಮೇಜಿನ ಮೇಲೆ ಸುತ್ತಲೂ ಅಕ್ಷರಗಳು, ನಡುವೆ ಬೋರಲು ಹಾಕಿದ ಗಾಜಿನ ಲೋಟ, ಅದರ ಮೇಲೆ ಬೆರಳುಗಳು. ಲೋಟ ತಾನಾಗಿ ಸರಿಯತೊಡಗುತ್ತದೆ, ಒಂದೊಂದೇ ಅಕ್ಷರ ಮುಟ್ಟುತ್ತದೆ. ತನ್ನದೊಂದು ಪಿಟೀಲು ಕೃತಿ ಯಾರಿಗೂ ಕಾಣದೆ ಬಿದ್ದಿದೆ, ಹುಡುಕಿ ನುಡಿಸು ಎನ್ನುತ್ತದೆ. ಯಾರು ನೀನು ಎಂದು ಕೇಳಿದರೆ ಬಂದ ಉತ್ತರ ರಾಬರ್ಟ್ ಷೂಮನ್! 1856ರಲ್ಲೇ ತೀರಿಕೊಂಡ ಜರ್ಮನಿಯ ಮಹಾನ್ ಸಂಗೀತಕಾರ!

ಹೀಗೆಂದು ಹೇಳಿದವಳು ಹಂಗೆರಿಯ ಪಿಟೀಲುಗಾರ್ತಿ ಯೆಲಿ ದಾರಾನಿ. ನಂಬುವವರು ನಂಬಲಿ, ಬಿಡುವವರು ಬಿಡಲಿ, ಆ ಕೃತಿಯಂತೂ ಇತ್ತು! ಬರ್ಲಿನ್‌ನ ಪ್ರಷ್ಯನ್ ರಾಜ್ಯ ಗ್ರಂಥಾಲಯದಲ್ಲಿ, ಷೂಮನ್ ತೀರಿಕೊಂಡು ನೂರು ವರ್ಷ ತುಂಬುವವರೆಗೆ ಯಾರೂ ಹೊರತರಬಾರದೆಂಬ ಷರತ್ತಿನೊಡನೆ ಅದರ ಹಸ್ತಪ್ರತಿ ಮಲಗಿತ್ತು. ಷೂಮನ್ 1853ರಲ್ಲಿ ಯಾರಿಗಾಗಿ ಅದನ್ನು ಬರೆದನೋ ಅವನೇ ಅದನ್ನು ಜೀವಮಾನವಿಡೀ ಮುಚ್ಚಿಟ್ಟವನು. ಅವನೇ ಹಂಗೆರಿಯಲ್ಲಿ ಹುಟ್ಟಿದ ಪಿಟೀಲಿನ ದಿಗ್ಗಜ ಯೋಸೆಫ್ ಯೋಆಖಿಮ್. ವರಸೆಯಲ್ಲಿ ಯೆಲಿಗೆ ಅಜ್ಜ! ಅಜ್ಜ ಬೀಗ ಹಾಕಿದ್ದನ್ನು ಮೊಮ್ಮಗಳು ತೆಗೆಸಲು ಹೊರಟಿದ್ದಾಳೆ. ಯಾವ ಕಾದಂಬರಿಕಾರನಿಗೆ ಹೊಳೆದೀತು ಇಂಥದ್ದು!

ಯಾರೀಕೆ? 1893ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವಳು. ಪಿಯಾನೊದಿಂದ ಶುರುಮಾಡಿ ಪಿಟೀಲಿಗೆ ಬಂದು, ಯೆನೊ ಹುಬಾಯ್ ಎಂಬ ಗುರುವಿನ ಬಳಿ ಪಳಗಿ, ಅಕ್ಕ ಆದಿಲಾ ಜೊತೆಗೆ ಇಂಗ್ಲೆಂಡಿನಲ್ಲಿ ನೆಲೆ ನಿಂತವಳು. ಆಮೇಲೆ ನಡೆದದ್ದನ್ನು ಓದುತ್ತಾ ಹೋದಂತೆ ನನಗೆ ಉಸಿರು ಕಟ್ಟಿತು. ಈಕೆ ನುಡಿಸಿದ್ದನ್ನು ಕೇಳಿದ ಸಂಗೀತಕಾರರೆಲ್ಲ ಮನೆಗೆ ಹೋಗಿ ಈಕೆಗಾಗಿ ಬರೆಯಲು ಕೂತರೇನೋ ಅನ್ನಿಸುತ್ತದೆ. ಬೇಲಾ ಬಾರ್ಟೋಕ್ 1921ರಲ್ಲೊಂದು, 1922ರಲ್ಲೊಂದು ಸೊನಾಟಾ ಬರೆದು ಎರಡನ್ನೂ ಈಕೆಗೇ ಅರ್ಪಿಸಿದ. ಇಂಗ್ಲೆಂಡಿನ ವಾನ್ ವಿಲಿಯಮ್ಸ್ ಒಂದು ಕನ್ಚೆರ್ಟೊ, ಅಂದರೆ ವಾದ್ಯವೃಂದದೊಡನೆ ಪಿಟೀಲು ನುಡಿಸುವ ಕೃತಿ, ಕೊಟ್ಟ. ಗುಸ್ತಾವ್ ಹೋಲ್ಸ್ಟ್ ಅಕ್ಕತಂಗಿಯರಿಬ್ಬರೂ ಜೊತೆಯಾಗಿ ನುಡಿಸಲೆಂದೇ ಜೋಡಿ ಪಿಟೀಲಿನ ಕನ್ಚೆರ್ಟೊ ಬರೆದ.

ಮತ್ತೆ ರವೆಲ್! 1922ರಲ್ಲಿ ಲಂಡನ್‌ನ ಒಂದು ಖಾಸಗಿ ಬೈಠಕ್ಕು ಮುಗಿದ ಮೇಲೆ ಮೋರಿಸ್ ರವೆಲ್ ಈಕೆಯಿಂದ ಜಿಪ್ಸಿ ಧಾಟಿಗಳನ್ನು ಕೇಳಿದ. ಒಂದಾಯಿತು, ಇನ್ನೊಂದು ಎಂದ. ಇನ್ನೊಂದಾಯಿತು, ಮತ್ತೊಂದು ಎಂದ. ಬೆಳಗಿನ ಜಾವದವರೆಗೂ ಬಿಡಲಿಲ್ಲವಂತೆ. ಆ ರಾತ್ರಿಯ ಫಲವೇ ‘ತ್ಸಿಗಾನ್’. 1924ರ ಏಪ್ರಿಲ್ 26ಕ್ಕೆ ಲಂಡನ್‌ನಲ್ಲಿ ಅದರ ಮೊದಲ ಕಛೇರಿ ಗೊತ್ತಾಗಿದ್ದರೂ ರವೆಲ್ ಬರೆದು ಮುಗಿಸಿದ್ದು ಇನ್ನು ಕೆಲವೇ ದಿನ ಉಳಿದಾಗ. ಆ ಕೃತಿ ಎಂಥದ್ದೆಂದು ನೋಡಿ: ಶುರುವಿಗೆ ನಾಲ್ಕು ನಿಮಿಷದಷ್ಟು ಹೊತ್ತು ಪಿಟೀಲೊಂದೇ, ಪಕ್ಕವಾದ್ಯದ ಆಸರೆಯಿಲ್ಲ. ಅದರಲ್ಲೂ ಮೊದಲ ದೀರ್ಘ ಆಲಾಪ ಪೂರ್ತಿ ತೀರಾ ಕೆಳಗಿನ ದಪ್ಪ ತಂತಿಯೊಂದರ ಮೇಲೇ. ಬೆರಳುಗಳು ಅದೇ ತಂತಿಯಲ್ಲಿ ಮೇಲೇರುತ್ತಾ ಹೋದಂತೆ ನಾದ ಗಂಟಲು ಬಿಗಿದ ಹೆಂಗಸಿನ ದನಿಯಂತಾಗುತ್ತದೆ. ಇಂಥದ್ದನ್ನು ಬೆರಳೆಣಿಕೆಯ ದಿನಗಳಲ್ಲಿ ಕಲಿತು ವೇದಿಕೆ ಹತ್ತಿದಳಲ್ಲ ಈಕೆ!

ಈಗ ಆ ಬೀಗದ ಕಥೆಗೆ ಬರೋಣ. ಲಂಡನ್‌ನಲ್ಲಿದ್ದ ಸ್ವೀಡನ್ನಿನ ರಾಜತಂತ್ರಜ್ಞ ಬ್ಯಾರನ್ ಎರಿಕ್ ಪಾಮ್‌ಶೆರ್ನಾ ಬರ್ಲಿನ್‌ನಲ್ಲಿ ಹಸ್ತಪ್ರತಿಯ ಬೆನ್ನು ಹತ್ತಿದ. 1937ರಲ್ಲಿ ತನ್ನ ಪುಸ್ತಕದಲ್ಲಿ ಲೋಟದ ಕಥೆಯನ್ನೂ ಹೊರಗಿಟ್ಟ. ಕೋಲಾಹಲವೆದ್ದಿತು. ಕೃತಿಯ ಬಗ್ಗೆ ಯೋಆಖಿಮ್ ಬರೆದ ಕಾಗದ ಎಂದೋ ಅಚ್ಚಾಗಿತ್ತು, ಅಕ್ಕತಂಗಿಯರು ಅದನ್ನೋ ಮನೆಮಾತನ್ನೋ ಎಲ್ಲೋ ಕೇಳಿರಬೇಕು ಎಂದರು ಸಂದೇಹಿಗಳು. ಇರಬಹುದು, ನನಗೂ ಅದೇ ಸರಿಯೆನಿಸುತ್ತದೆ. ಆದರೆ ಅಚ್ಚಾದ ಆ ಕಾಗದವನ್ನು ಓದಿದ ಪಂಡಿತರಲ್ಲಿ ಎಷ್ಟು ಜನ ಹಸ್ತಪ್ರತಿ ತೆಗೆಸಿ ನುಡಿಸಬೇಕೆಂದು ಹಟ ಹಿಡಿದರು?

ಅಷ್ಟರಲ್ಲಿ ಷೂಮನ್‌ನ ಆ ಪಿಟೀಲು ಕನ್ಚೆರ್ಟೊದ ಮೇಲೆ ನಾಜಿಗಳ ಕಣ್ಣು ಬಿತ್ತು. ಯಹೂದಿ ಮೂಲದ ಮೆಂಡೆಲ್ಸನ್‌ನ ಜನಪ್ರಿಯ ಕನ್ಚೆರ್ಟೊವನ್ನು ಬದಿಗೊತ್ತಲು ಅವರಿಗೊಂದು ಅಪ್ಪಟ ಜರ್ಮನ್ ಕೃತಿ ಬೇಕಿತ್ತು. ಅದು ಯಹೂದಿಯಾಗಿ ಹುಟ್ಟಿದ ಯೋಆಖಿಮ್‌ನಿಗಾಗಿಯೇ ಬರೆದದ್ದೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. 1937ರ ನವೆಂಬರ್ 26ರಂದು ಬರ್ಲಿನ್‌ನಲ್ಲಿ ಗಿಯೋರ್ಗ್ ಕೂಲೆನ್‌ಕಾಂಪ್ಫ್ ಮೊದಲು ನುಡಿಸಿದ. ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಯೆಹೂದಿ ಮೆನುಹಿನ್ ನುಡಿಸಿದ. ಮುಂದೆ ನಮ್ಮ ರವಿಶಂಕರರ ಜೊತೆ ಕೂತು ನುಡಿಸಿದ ಅದೇ ಮೆನುಹಿನ್. ಯೆಲಿಯ ಸರದಿ ಬಂದದ್ದು 1938ರ ಫೆಬ್ರವರಿಯಲ್ಲಿ, ಲಂಡನ್‌ನ ಕ್ವೀನ್ಸ್ ಹಾಲ್‌ನಲ್ಲಿ. ಬಾಗಿಲು ತಟ್ಟಿದವಳು ಒಳಗೆ ಹೋದದ್ದು ಕೊನೆಗೆ! ನನಗಂತೂ ಇದು ಇಂದಿಗೂ ಹೊಟ್ಟೆ ಉರಿಸುವ ಸಂಗತಿ. ಆಕೆ 1966ರಲ್ಲಿ ಫ್ಲಾರೆನ್ಸ್‌ನಲ್ಲಿ ತೀರಿಕೊಂಡಳು.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬಾರದು. 1854ರ ಫೆಬ್ರವರಿಯಲ್ಲಿ, ಚಿತ್ತ ಕದಡಿದ್ದ ಷೂಮನ್ ರಾತ್ರಿ ಹಾಸಿಗೆಯಿಂದೆದ್ದು ಒಂದು ಧಾಟಿ ಗೀಚಿಕೊಂಡ. ದೇವದೂತರು ಹಾಡಿ ಹೇಳಿದ್ದು ಎಂದ. ಅದರ ಮೇಲೆ ಪಿಯಾನೊ ಕೃತಿ ಬರೆಯುತ್ತಿದ್ದಾಗಲೇ ಎದ್ದುಹೋಗಿ ರೈನ್ ನದಿಗೆ ಹಾರಿದ. ಜನ ಎತ್ತಿ ಉಳಿಸಿದರು, ಕೊನೆಯ ಎರಡು ವರ್ಷ ಆಸ್ಪತ್ರೆಯಲ್ಲೇ ಕಳೆಯಿತು. ಆ ದೇವದೂತರ ಧಾಟಿ ಮಾತ್ರ, ಕೆಲವೇ ತಿಂಗಳ ಹಿಂದೆ ತಾನೇ ಈ ಪಿಟೀಲು ಕೃತಿಯ ವಿಳಂಬ ಭಾಗಕ್ಕೆ ಬರೆದಿದ್ದ ಧಾಟಿಗೆ ತೀರಾ ಹತ್ತಿರದ್ದು! ತನ್ನದೇ ರಾಗ ಆತನಿಗೆ ಗುರುತು ಸಿಗಲಿಲ್ಲ. ಮೆನುಹಿನ್ 1938ರಲ್ಲಿ ಮಾಡಿದ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಆ ಧಾಟಿಯಿರುವ ಎರಡನೆಯ ಭಾಗದಿಂದಲೇ ಕೇಳಲು ಶುರುಮಾಡಿ.